ಹಿಡಿಗೆ ಸುತ್ತಿದ ಬಟ್ಟೆ: ಒಂದು ಟ್ರಯಂಫ್ ಮಾದರಿಯ ಹಿಂದಿನ ಇತಿಹಾಸ

ಕಳೆದ ವರ್ಷದ ಚಳಿಗಾಲದಲ್ಲಿ ಕವೆಂಟ್ರಿಯ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಪೌಂಡ್ ಕೊಟ್ಟು ಒಂದು ಪೆಟ್ಟಿಗೆ ಕೊಂಡು ತಂದೆ. ಮುಚ್ಚಳದ ಮೇಲೆ ಖಾಕಿ ಬಣ್ಣದ ಮೋಟಾರ್‌ಸೈಕಲ್ಲಿನ ಚಿತ್ರ. ಒಳಗೆ ಟ್ರಯಂಫ್ 3ಎಚ್‌ಡಬ್ಲ್ಯು ಎಂಬ ಎರಡನೇ ಮಹಾಯುದ್ಧದ ಬೈಕಿನ ಪ್ಲಾಸ್ಟಿಕ್ ಬಿಡಿಭಾಗಗಳು. ಯಾರೋ ಅರ್ಧ ಜೋಡಿಸಿ ಕೈಬಿಟ್ಟಿದ್ದರು. ಎಂಜಿನ್ನಿನ ಎರಡು ಹೋಳುಗಳನ್ನು ಸೊಟ್ಟಗೆ ಅಂಟಿಸಿದ್ದರು, ಒಂದು ಫುಟ್‌ರೆಸ್ಟ್ ಮುರಿದಿತ್ತು, ಬಣ್ಣದ ಹನಿಗಳು ಸೂಚನಾ ಹಾಳೆಯ ಮೇಲೆ ಒಣಗಿದ್ದವು. ‘ಮನೆಯಲ್ಲಿರುವ ಕಸ ಸಾಲದೇ?’ ಎಂದು ಮನೆಯವರು ಕೇಳಿದ್ದರಲ್ಲಿ ನ್ಯಾಯವಿತ್ತು.

ಆ ಪೆಟ್ಟಿಗೆ ನನ್ನನ್ನು ಎಳೆದುಕೊಂಡು ಹೋದ ದಾರಿಯ ಕಥೆಯೇ ಈ ಲೇಖನ. ನಾನು ಇತಿಹಾಸ ಓದಿದವನಲ್ಲ, ವೃತ್ತಿಯಿಂದ ಎಂಜಿನಿಯರ್. ಆದರೆ ಗೇಣುದ್ದದ ಆಟಿಕೆಯೊಂದಕ್ಕೆ ಯಾವ ಬಣ್ಣ ಬಳಿಯಬೇಕು ಎಂಬ ಸಣ್ಣ ಪ್ರಶ್ನೆ ಕವೆಂಟ್ರಿಯಿಂದ ಮಲಯದ ರಬ್ಬರ್ ತೋಟಗಳವರೆಗೆ ಹೋಗಿ, ಕೊನೆಗೆ ನಮ್ಮ ಮೈಸೂರಿಗೂ ಬಂದು ನಿಂತಿತು. ಅದನ್ನು ನಮ್ಮ ಸಂಘದ ಸದಸ್ಯರೊಡನೆ ಹಂಚಿಕೊಳ್ಳಬೇಕು ಅನ್ನಿಸಿತು.

ಪಕ್ಕದ ಮನೆಯ ಹಿರಿಯರು

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ವಯಸ್ಸು 84. ಹುಟ್ಟಿ ಬೆಳೆದದ್ದೆಲ್ಲ ಕವೆಂಟ್ರಿಯಲ್ಲೇ. ನಾವು ಈ ಬೀದಿಗೆ ಬಂದ ಮೊದಲ ವಾರ ಕಸದ ಡಬ್ಬಿ ಯಾವ ದಿನ ಹೊರಗಿಡಬೇಕೆಂದು ಹೇಳಿಕೊಟ್ಟವರು, ನಮ್ಮ ದೀಪಾವಳಿಯ ಚಕ್ಕುಲಿಗಾಗಿ ಕಾಯುವವರು ಅವರೇ. ಕೆಲವು ವರ್ಷಗಳಿಂದ ಅವರ ಕಣ್ಣಿನ ನಡುಭಾಗದ ದೃಷ್ಟಿ ಮಸುಕಾಗುತ್ತಾ ಬಂದಿದೆ. ಪತ್ರಿಕೆ ಓದಲಾರರು, ಮುಖ ಗುರುತಿಸಲಾರರು. ದನಿಯಿಂದಲೇ ನಮ್ಮನ್ನು ತಿಳಿಯುತ್ತಾರೆ.

ನಾನು ಪೆಟ್ಟಿಗೆಯ ವಿಷಯ ಹೇಳಿದಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ‘ನಮ್ಮಪ್ಪನ ಹತ್ತಿರ ಇದ್ದದ್ದು ಅದೇ ಗಾಡಿ!’ ಎಂದರು. ಅವರ ತಾತ ಪ್ರಯರಿ ಸ್ಟ್ರೀಟಿನ ಟ್ರಯಂಫ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅಪ್ಪ ಸೇನೆಯಿಂದ ಬಿಡುಗಡೆಯಾಗಿ ಬಂದ ಮೇಲೆ 1947ರಲ್ಲಿ, ಸೇನೆ ಹರಾಜಿಗೆ ಹಾಕಿದ ಬೈಕೊಂದನ್ನು ವ್ಯಾಪಾರಿಯೊಬ್ಬನಿಂದ ಕೊಂಡಿದ್ದರಂತೆ. ಆರು ವರ್ಷದ ಮಗನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಭಾನುವಾರ ಸುತ್ತಾಡಿಸುತ್ತಿದ್ದರಂತೆ. ಆಗ ತೆಗೆದ ಒಂದು ಕಪ್ಪು-ಬಿಳುಪು ಫೋಟೋ ಅವರ ಗೋಡೆಯ ಮೇಲಿದೆ.

‘ಗಾಡಿ ಕಪ್ಪು ಬಣ್ಣದ್ದು. ಹ್ಯಾಂಡಲ್ಲಿನ ಹಿಡಿಗೆ ಬಟ್ಟೆ ಇತ್ತು, ರಬ್ಬರ್ ಅಲ್ಲ, ಒರಟು ಬಟ್ಟೆ. ಅಪ್ಪನ ಕೈಯ ಪಕ್ಕದಲ್ಲೇ ನಾನೂ ಹಿಡಿದುಕೊಳ್ಳುತ್ತಿದ್ದೆ. ಇದನ್ನು ಹೇಳಿದಾಗಲೆಲ್ಲ ನನ್ನ ಅಣ್ಣ ನಗುತ್ತಾನೆ. ಮೋಟಾರ್‌ಸೈಕಲ್ಲಿಗೆ ಯಾರಾದರೂ ಬಟ್ಟೆಯ ಹಿಡಿ ಹಾಕುತ್ತಾರಾ, ನೀನು ಯಾವುದೋ ಬ್ಯಾಂಡೇಜನ್ನು ನೆನಸಿಕೊಳ್ಳುತ್ತಿದ್ದೀ ಅಂತಾನೆ’ ಎಂದರು. ಅಣ್ಣನಿಗೆ ಈಗ 89. ಕೆನಡಾದಲ್ಲಿದ್ದಾರೆ. ಈ ವಾದಕ್ಕೆ ಎಪ್ಪತ್ತು ವರ್ಷ!

ಫೋಟೋ ತೆಗೆದು ದೀಪದ ಕೆಳಗೆ ನೋಡಿದೆ. ಅಪ್ಪನ ಕೈಗವಸು ಹಿಡಿಯನ್ನು ಪೂರ್ತಿ ಮುಚ್ಚಿಬಿಟ್ಟಿದೆ.

ಆಗ ನಿರ್ಧರಿಸಿದೆ: ಪೆಟ್ಟಿಗೆಯ ಮೇಲಿನ ಖಾಕಿ ಬೈಕ್ ಬೇಡ, ಈ ಫೋಟೋದಲ್ಲಿರುವ ಬೈಕನ್ನೇ ಮಾಡೋಣ. ಅವರು ಅದನ್ನು ಕಣ್ಣಿನಿಂದ ನೋಡಲಾರರು, ಕೈಯಿಂದ ನೋಡುತ್ತಾರೆ. ಆದ್ದರಿಂದ ಮುಟ್ಟಿದರೆ ಮುರಿಯಬಾರದು, ಮುಟ್ಟಿದಾಗ ಸುಳ್ಳು ಹೇಳಲೂಬಾರದು.

ನ್ಯೂರೆಂಬರ್ಗಿನಿಂದ ಬಂದವನು

ಈ ಬೈಕಿನ ವಂಶವೃಕ್ಷ ನಮ್ಮಂಥ ವಲಸಿಗರಿಗೆ ಆಪ್ತವಾಗುವಂಥದ್ದು. ಟ್ರಯಂಫ್ ಎಂದರೆ ಅಚ್ಚ ಬ್ರಿಟಿಷ್ ಹೆಸರು ಎಂದು ಎಲ್ಲರ ಭಾವನೆ. ಅದನ್ನು ಕಟ್ಟಿದವನು ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹುಟ್ಟಿದ ಯಹೂದಿ, ಸೀಗ್‌ಫ್ರೀಡ್ ಬೆಟ್‌ಮನ್. 1880ರ ದಶಕದಲ್ಲಿ ಲಂಡನ್ನಿಗೆ ಬಂದು ಸೈಕಲ್ ವ್ಯಾಪಾರ ಶುರುಮಾಡಿದ. ಯುರೋಪಿನ ಹಲವು ಭಾಷೆಗಳಲ್ಲಿ ಸುಲಭವಾಗಿ ಅರ್ಥವಾಗುವ ಪದ ಎಂಬ ಕಾರಣಕ್ಕೆ ‘ಟ್ರಯಂಫ್’ ಎಂಬ ಹೆಸರನ್ನು ಆರಿಸಿಕೊಂಡ. ನ್ಯೂರೆಂಬರ್ಗಿನವನೇ ಆದ ಮಾರಿಟ್ಸ್ ಶುಲ್ಟೆ ಅವನ ಪಾಲುದಾರನಾದ. ಸೈಕಲ್ ಉದ್ಯಮದ ತವರಾಗಿದ್ದ ಕವೆಂಟ್ರಿಯಲ್ಲಿ ಅವರ ಕಾರ್ಖಾನೆ ನೆಲೆಯೂರಿತು. 1902ರಲ್ಲಿ ಬೆಲ್ಜಿಯಂನ ಮಿನರ್ವಾ ಎಂಜಿನ್ ಕೂರಿಸಿದ ಮೊದಲ ಟ್ರಯಂಫ್ ಮೋಟಾರ್‌ಸೈಕಲ್ ಹೊರಬಂತು. ಜರ್ಮನಿಯಲ್ಲಿ ಹುಟ್ಟಿದ ಮಾಲೀಕರು, ಬೆಲ್ಜಿಯಂ ಎಂಜಿನ್, ಇಂಗ್ಲಿಷ್ ಕೆಲಸಗಾರರು: ಅಚ್ಚ ಬ್ರಿಟಿಷ್ ಬೈಕಿನ ಹುಟ್ಟು ಹೀಗೆ.

ಬೆಟ್‌ಮನ್ ಬ್ರಿಟಿಷ್ ಪೌರತ್ವ ಪಡೆದ, ಊರಿನ ಗಣ್ಯನಾದ, 1913ರಲ್ಲಿ ಕವೆಂಟ್ರಿಯ ಮೇಯರ್ ಕೂಡ ಆದ. ಮರುವರ್ಷ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನಿಯಲ್ಲಿ ಹುಟ್ಟಿದ್ದೇ ಅವನಿಗೆ ಮುಳುವಾಯಿತು. ಆ ವರ್ಷ ಮುಗಿಯುವ ಮೊದಲೇ ಮೇಯರ್ ಹುದ್ದೆ ಅವನ ಕೈಬಿಟ್ಟಿತ್ತು. ವಿಪರ್ಯಾಸವೆಂದರೆ ಅದೇ ಯುದ್ಧದಲ್ಲಿ ಮಿತ್ರಪಕ್ಷದ ಸೇನೆಗಳ ಸಂದೇಶವಾಹಕರು ನಂಬಿಕೊಂಡಿದ್ದು ಅವನ ಕಾರ್ಖಾನೆಯ ಮಾಡೆಲ್ ಎಚ್ ಬೈಕನ್ನು. ಸುಮಾರು 30,000 ಬೈಕುಗಳನ್ನು ಟ್ರಯಂಫ್ ಯುದ್ಧಕ್ಕೆ ಒದಗಿಸಿತು. ಸವಾರರು ಅದನ್ನು ‘ನಂಬಿಕಸ್ಥ ಟ್ರಯಂಫ್’ ಎಂದೇ ಕರೆಯುತ್ತಿದ್ದರು. ಬೈಕನ್ನು ನಂಬಿದರು, ಮಾಡಿಸಿದವನನ್ನು ನಂಬಲಿಲ್ಲ.

1936ರಲ್ಲಿ ಟ್ರಯಂಫಿನ ಮೋಟಾರ್‌ಸೈಕಲ್ ವಿಭಾಗವನ್ನು ಜಾಕ್ ಸ್ಯಾಂಗ್‌ಸ್ಟರ್ ಕೊಂಡರು. ಅವರು ಹೊಣೆ ಕೊಟ್ಟ ವಿನ್ಯಾಸಕ ಎಡ್ವರ್ಡ್ ಟರ್ನರ್ 1937ರಲ್ಲಿ ಸ್ಪೀಡ್ ಟ್ವಿನ್ ಎಂಬ ಎರಡು ಸಿಲಿಂಡರಿನ ಬೈಕ್ ತಂದು ಹೆಸರು ಮಾಡಿದರು. ಅಷ್ಟರಲ್ಲಿ ಮತ್ತೊಂದು ಯುದ್ಧ ಬಂತು. 1940ರ ನವೆಂಬರ್ 14ರ ರಾತ್ರಿ ಐನೂರಕ್ಕೂ ಹೆಚ್ಚು ಜರ್ಮನ್ ವಿಮಾನಗಳು ಕವೆಂಟ್ರಿಯ ಮೇಲೆ ಬಾಂಬು ಸುರಿದವು. ಐನೂರಕ್ಕೂ ಹೆಚ್ಚು ಜನ ಸತ್ತರು. ಹಳೆಯ ಕೆಥೆಡ್ರಲ್ ಉರಿದು ಗೋಡೆಗಳಷ್ಟೇ ಉಳಿದವು. ಅದರ ಹತ್ತಿರದಲ್ಲೇ ಇದ್ದ ಪ್ರಯರಿ ಸ್ಟ್ರೀಟಿನ ಟ್ರಯಂಫ್ ಕಾರ್ಖಾನೆಯೂ ನಾಶವಾಯಿತು. ನಮ್ಮ ನೆರೆಯವರ ತಾತ ಮರುದಿನ ಬೆಳಿಗ್ಗೆ ಕೆಲಸಕ್ಕೆಂದು ನಡೆದು ಹೋದರೆ, ಹೋಗಲು ಕಾರ್ಖಾನೆಯೇ ಇರಲಿಲ್ಲವಂತೆ.

ಕಂಪನಿ ಕೆಲಕಾಲ ವಾರಿಕ್ ಪಟ್ಟಣದಲ್ಲಿ ತಾತ್ಕಾಲಿಕವಾಗಿ ಕೆಲಸ ನಡೆಸಿತು. 1942ರಲ್ಲಿ ಇಂಗ್ಲೆಂಡಿನ ನಡುಮಧ್ಯದ ಊರು ಎಂದು ಜನ ಹೇಳುವ ಮೆರಿಡನ್‌ನಲ್ಲಿ ಹೊಸ ಕಾರ್ಖಾನೆ ತೆರೆಯಿತು. ಅಲ್ಲಿಂದ ಹೊರಬಂದ ಸೇನಾ ಬೈಕೇ 3ಎಚ್‌ಡಬ್ಲ್ಯು. ಒಂದು ಸಿಲಿಂಡರ್, 343 ಸಿಸಿ, ಮುಂದೆ ಗರ್ಡರ್ ಫೋರ್ಕ್, ಹಿಂದೆ ಸಸ್ಪೆನ್ಶನ್ ಇಲ್ಲವೇ ಇಲ್ಲ. ಸವಾರನ ಬೆನ್ನಿಗೆ ಸೀಟಿನ ಸ್ಪ್ರಿಂಗುಗಳೇ ಗತಿ.

ರೇಸಿನಿಂದ ಪೆಟ್ಟಿಗೆಗೆ

ದೊಡ್ಡ ಬೈಕ್ ಚಿಕ್ಕ ಪೆಟ್ಟಿಗೆಗೆ ಇಳಿದ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಕಾರು, ವಿಮಾನಗಳ ಕಿಟ್‌ಗಳಿಗಿಂತ ಮೋಟಾರ್‌ಸೈಕಲ್ ಕಿಟ್ ಕಷ್ಟದ್ದು. ಕಾರಿನ ಎಂಜಿನ್ನನ್ನು ಬಾನೆಟ್ ಮುಚ್ಚುತ್ತದೆ. ಬೈಕಿನಲ್ಲಿ ಎಲ್ಲವೂ ಬಯಲು. ಆದ್ದರಿಂದ ತಯಾರಕರು ದೊಡ್ಡ ಅಳತೆಗಳನ್ನು ಆರಿಸಿಕೊಂಡರು. ಜಪಾನಿನ ತಮಿಯಾ 1:6 ಅಳತೆಯಲ್ಲಿ ಹೋಂಡಾ ಸಿಬಿ750 ತಂದಿತು. ಇಟಲಿಯವರು 1:9 ಅಳತೆಯನ್ನು ಹಿಡಿದರು. ಆ ಅಳತೆಯ ರೇಸ್ ಬೈಕುಗಳಿಗೆ ಹೆಸರಾದ ಕಂಪನಿ ಪ್ರೊಟಾರ್. ಅದನ್ನು ಕಟ್ಟಿದವರು 1957 ಮತ್ತು 1958ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ರೇಸ್ ಸವಾರ ತಾರ್ಕ್ವಿನಿಯೊ ಪ್ರೊವಿನಿ. 1966ರ ಐಲ್ ಆಫ್ ಮ್ಯಾನ್ ಟಿಟಿಯಲ್ಲಿ ಬಿದ್ದು ಬೆನ್ನಿಗೆ ಪೆಟ್ಟಾಗಿ ಅವರ ರೇಸಿನ ಬದುಕು ಮುಗಿಯಿತು. ಅವರ ಹೆಸರಿನ ಎರಡು ಭಾಗಗಳ ಮೊದಲಕ್ಷರಗಳು ಸೇರಿಯೇ ‘ಪ್ರೊಟಾರ್’. ಇದೇ 1:9 ಅಳತೆಯಲ್ಲಿ ಎಸ್ಚಿ ಎಂಬ ಮತ್ತೊಂದು ಇಟಾಲಿಯನ್ ಕಂಪನಿ ಯುದ್ಧಕಾಲದ ಬೈಕುಗಳ ಸರಣಿ ತಂದಿತು. ಅದರ ಅಚ್ಚುಗಳು ಮುಂದೆ ಇಟಾಲೆರಿ ಕಂಪನಿಯ ಕೈಸೇರಿದವು. ನನ್ನ ಟ್ರಯಂಫ್ ಆ ಕುಲದ್ದು.

1:9 ಎಂದರೆ ಉದ್ದ, ಅಗಲ, ಎತ್ತರ ಮೂರೂ ಒಂಬತ್ತರಲ್ಲೊಂದು ಪಾಲು. ಹಾಗಾಗಿ ಗಾತ್ರ 729ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 343 ಸಿಸಿಯ ಸಿಲಿಂಡರ್ ನನ್ನ ಮೇಜಿನ ಮೇಲೆ ಅರ್ಧ ಮಿಲಿಲೀಟರಿಗೂ ಕಡಿಮೆ, ಕೆಲವೇ ಹನಿ ನೀರು ಹಿಡಿಯುವಷ್ಟು. ಈ ಲೆಕ್ಕವನ್ನು ನನ್ನ ಮಗಳಿಗೆ ಹೇಳಿಕೊಟ್ಟೆ. ಅಂದಿನಿಂದ ಅವಳಿಗೂ ಈ ಕೆಲಸದಲ್ಲಿ ಆಸಕ್ತಿ ಹುಟ್ಟಿತು.

ಮೊದಲ ಕೆಲಸ ಹಿಂದಿನವರ ತಪ್ಪು ಬಿಡಿಸುವುದು. ಪ್ಲಾಸ್ಟಿಕ್ ಮಾದರಿಗಳ ಸಿಮೆಂಟ್ ಗೋಂದಿನಂತಲ್ಲ. ಅದು ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ. ಎಂಜಿನ್ ಹೋಳುಗಳನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟೆ. ಚಳಿಗೆ ಕೀಲು ಪೆಡಸಾಗಿ, ಬೆಳಿಗ್ಗೆ ಅಲಗಿಟ್ಟು ತಿರುಚಿದಾಗ ಟಕ್ಕೆಂದು ಬಿಟ್ಟಿತು. ಬಿಟ್ಟ ಅಂಚನ್ನು 400, 800, 1200 ಸಂಖ್ಯೆಯ ಉಜ್ಜುಕಾಗದದಲ್ಲಿ ಸರಣಿಯಾಗಿ ಉಜ್ಜಿ ಮತ್ತೆ ಕೂಡಿಸಿದೆ. ಮುರಿದ ಫುಟ್‌ರೆಸ್ಟಿಗೆ ಹಿತ್ತಾಳೆಯ ಸರಳು. ಹಾಗೆಯೇ ಹ್ಯಾಂಡಲ್, ಸ್ಟ್ಯಾಂಡ್, ಬ್ರೇಕಿನ ಸರಳು, ಹೀಗೆ ಬೆರಳು ತಾಗಿದರೆ ಮುರಿಯಬಹುದಾದುದನ್ನೆಲ್ಲ ಹಿತ್ತಾಳೆಯಲ್ಲಿ ಮಾಡಿಕೊಂಡೆ. ಕೇಬಲ್‌ಗಳಿಗೆ ಬಗ್ಗಿಸಿದಂತೆ ನಿಲ್ಲುವ ಬೆಸುಗೆ ತಂತಿ. ಇಷ್ಟೂ ಎಂಜಿನಿಯರಿನ ಕೆಲಸ. ಇತಿಹಾಸದ ಕೆಲಸ ಆಮೇಲೆ ಶುರುವಾಯಿತು.

ಬಟ್ಟೆಯೂ ಬಣ್ಣವೂ

ಹಿಡಿಗೆ ಬಟ್ಟೆ ಇತ್ತೇ? ಅಣ್ಣನ ಮಾತಿನಲ್ಲಿ ತರ್ಕವಿದೆ. ಮಳೆಯ ದೇಶದಲ್ಲಿ ಹಿಡಿಗೆ ಬಟ್ಟೆ ಹಾಕುವುದು ಯಾವ ಎಂಜಿನಿಯರಿಗೂ ಹೊಳೆಯುವ ಬುದ್ಧಿಯಲ್ಲ. ಒತ್ತಾಯವಿಲ್ಲದೆ ಯಾರೂ ಹಾಗೆ ಮಾಡರು. ಆ ಒತ್ತಾಯ ಏನಿರಬಹುದು?

ಉತ್ತರ ಇದ್ದದ್ದು ಏಳು ಸಾವಿರ ಮೈಲಿ ದೂರದಲ್ಲಿ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಅದಕ್ಕೆ ಮೊದಲೇ ಮಲಯ ಹೋಗಿತ್ತು. ಕೆಲವೇ ವಾರಗಳಲ್ಲಿ ಡಚ್ಚರ ಈಸ್ಟ್ ಇಂಡೀಸ್ ಕೂಡ ಹೋಯಿತು. ಜಗತ್ತಿನ ಸಹಜ ರಬ್ಬರಿನಲ್ಲಿ ಬಹುಪಾಲು ಬರುತ್ತಿದ್ದುದು ಆ ಸೀಮೆಗಳಿಂದ. ಆ ತೋಟಗಳಲ್ಲಿ ಮರ ಕೆತ್ತಿ ಹಾಲು ಇಳಿಸುತ್ತಿದ್ದವರಲ್ಲಿ ದಕ್ಷಿಣ ಭಾರತದಿಂದ, ಮುಖ್ಯವಾಗಿ ತಮಿಳು ಸೀಮೆಯಿಂದ ಹೋದ ಕೂಲಿಗಳು ಅಪಾರ ಸಂಖ್ಯೆಯಲ್ಲಿದ್ದರು. ರಬ್ಬರ್ ನಿಂತಾಗ ಬ್ರಿಟನ್ ಇದ್ದದ್ದನ್ನು ಟೈರು-ಟ್ಯೂಬುಗಳಿಗೆ ಮೀಸಲಿಡಬೇಕಾಯಿತು. ರಬ್ಬರ್ ಇಲ್ಲದೆ ನಡೆಯುವ ಕಡೆ ಅದನ್ನು ಕಿತ್ತು ಹಾಕಿದರು. ಸೇನೆಯ ಮೋಟಾರ್‌ಸೈಕಲ್ಲುಗಳ ಫುಟ್‌ರೆಸ್ಟ್ ಬರಿಯ ಉಕ್ಕಿನದಾಯಿತು. ಹ್ಯಾಂಡಲ್ಲಿನ ಹಿಡಿಗೆ ಕ್ಯಾನ್ವಾಸ್ ಬಟ್ಟೆ ಬಂತು.

ಅಂದರೆ ಆರು ವರ್ಷದ ಹುಡುಗನ ಅಂಗೈ ಸರಿಯಾಗಿಯೇ ನೆನಪಿಟ್ಟುಕೊಂಡಿತ್ತು. ಇದು ಅವರಪ್ಪನ ಗಾಡಿಯ ಬಗ್ಗೆ ಪೂರ್ತಿ ಪುರಾವೆಯಲ್ಲ, ನಿಜ. ಹಿಡಿ ಹರಿದಾಗ ಅಪ್ಪನೇ ಬಟ್ಟೆ ಸುತ್ತಿರಬಹುದು ಎಂದು ಅಣ್ಣ ಈಗಲೂ ವಾದಿಸಬಹುದು. ಆದರೆ ‘ಯಾರಾದರೂ ಬಟ್ಟೆಯ ಹಿಡಿ ಹಾಕುತ್ತಾರಾ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು: ಹಾಕುತ್ತಿದ್ದರು, ಸಾವಿರಾರು ಬೈಕುಗಳಿಗೆ.

ಬಟ್ಟೆ ಒಪ್ಪಿಕೊಂಡರೆ ಅದರಿಂದ ಮತ್ತೊಂದು ಮಾತು ಹೊರಡುತ್ತದೆ. ಕ್ಯಾನ್ವಾಸ್ ಹಿಡಿ ಇದ್ದ ಬೈಕ್ ರಬ್ಬರ್ ಕೊರತೆಯ ನಂತರದ್ದು, ಎಂದರೆ ಮೆರಿಡನ್‌ನದು, ಪ್ರಯರಿ ಸ್ಟ್ರೀಟಿನದಲ್ಲ. ಹಾಗಾದರೆ ಅದರ ಮೊದಲ ಬಣ್ಣ ಯಾವುದು? ಪೆಟ್ಟಿಗೆಯ ಚಿತ್ರ ಖಾಕಿ ಎನ್ನುತ್ತದೆ. ಯುದ್ಧದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಸೇನಾ ವಾಹನಗಳಿಗೆ ಹಸಿರು ಛಾಯೆಯ ಖಾಕಿ ಇತ್ತು. ಆ ಹಸಿರಿಗೆ ಬೇಕಾದ ಕ್ರೋಮಿಯಂ ಆಕ್ಸೈಡಿಗೂ ಕೊರತೆ ಬಂದು, 1942ರ ಹೊತ್ತಿಗೆ ಎಸ್‌ಸಿಸಿ 2 ಎಂಬ ಕಂದು ಬಣ್ಣ ಬಳಕೆಗೆ ಬಂತು. 1944ರಲ್ಲಿ ಎಸ್‌ಸಿಸಿ 15 ಎಂಬ ಆಲಿವ್ ಬಣ್ಣ ಅದರ ಜಾಗಕ್ಕೆ ಬಂತು. ಹಿಡಿಯ ಬಟ್ಟೆ, ಟ್ಯಾಂಕಿನ ಕಂದು ಎರಡೂ ಕೊರತೆಯ ಮಕ್ಕಳೇ.

ಹೀಗಾಗಿ ನನ್ನ ಮಾದರಿಗೆ ಮೊದಲು ಕಂದು ಬಣ್ಣ ಬಳಿದೆ. ಅದರ ಮೇಲೆ ಕಪ್ಪು. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಬೈಕುಗಳಿಗೆ ವ್ಯಾಪಾರಿಗಳು ಕಪ್ಪು ಬಳಿದು ನಾಗರಿಕರಿಗೆ ಮಾರುತ್ತಿದ್ದರು. ನಮ್ಮ ಹಿರಿಯರ ‘ಕಪ್ಪು’ ಎಂಬ ನೆನಪು ಅದಕ್ಕೆ ಹೊಂದುತ್ತದೆ. ಮೊಣಕಾಲು ಉಜ್ಜುವ ಕಡೆ, ಬೂಟು ತಾಗುವ ಕಡೆ ಕಪ್ಪನ್ನು ನವಿರಾಗಿ ಉಜ್ಜಿ ಕೆಳಗಿನ ಕಂದು ಇಣುಕುವಂತೆ ಮಾಡಿದೆ. ಕಪ್ಪಿಗೂ ಒಂದು ಚೂರು ಬೂದು ಬೆರೆಸಬೇಕು; ಚಿಕ್ಕ ಮಾದರಿಯ ಮೇಲೆ ಅಚ್ಚ ಕಪ್ಪು ಬಳಿದರೆ ಇದ್ದಿಲಿನ ಹಾಗೆ ಕಂಡು ವಿವರಗಳೆಲ್ಲ ಮುಳುಗುತ್ತವೆ.

ಹಿಡಿಯದು ಬೇರೆ ಸಮಸ್ಯೆ. ನಿಜವಾದ ಕ್ಯಾನ್ವಾಸಿನ ದಾರ ಅರ್ಧ ಮಿಲಿಮೀಟರ್ ದಪ್ಪ ಎಂದುಕೊಂಡರೂ 1:9ರಲ್ಲಿ ಅದು ಕೂದಲಿಗಿಂತ ತೆಳು. ಅಳತೆಗೆ ಸರಿಯಾಗಿ ಮಾಡಿದರೆ ಬೆರಳಿಗೆ ನುಣ್ಣಗೆ ಹತ್ತುತ್ತದೆ. ಬಟ್ಟೆಯೆಂದು ತಿಳಿಯುವುದೇ ಇಲ್ಲ. ಕಣ್ಣಿಗೆ ನಿಜವಾಗಬೇಕೋ ಕೈಗೆ ನಿಜವಾಗಬೇಕೋ? ನಾನು ಕೈಯನ್ನು ಆರಿಸಿಕೊಂಡೆ. ಊರಿನಿಂದ ತಂದಿದ್ದ ಹಳೆಯ ಪಂಚೆಯ ಅಂಚಿನಿಂದ ಒಂದು ಎಳೆ ಪಟ್ಟಿ ಕತ್ತರಿಸಿ, ತೆಳು ಅಂಟು ಹಚ್ಚಿ, ಮೂರೂವರೆ ಮಿಲಿಮೀಟರ್ ದಪ್ಪ ಬರುವಂತೆ ಸುತ್ತಿದೆ. ಮಾದರಿ ಮಾಡುವ ಗೆಳೆಯರೊಬ್ಬರು ನೋಡಿ ‘ಅಳತೆ ತಪ್ಪಿದೆ’ ಎಂದರು. ತಪ್ಪಿರುವುದು ನಿಜ.

ಹಿಡಿ ಮುಟ್ಟಿದ ದಿನ

ವಸಂತಕಾಲದಲ್ಲಿ ನಮ್ಮ ಕೌಂಟಿಯಲ್ಲಿ ಹಳೆ ಬೈಕುಗಳ ಮೇಳವೊಂದು ನಡೆಯಿತು. ನೆರೆಯವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ, ಮಗಳೂ ಬಂದಳು. ಅಲ್ಲಿ ಒಬ್ಬರು ಯುದ್ಧಕಾಲದ ಟ್ರಯಂಫನ್ನು ಕ್ಯಾನ್ವಾಸ್ ಹಿಡಿ ಸಮೇತ ಕಾಪಾಡಿಕೊಂಡಿದ್ದರು. ವಿಷಯ ಹೇಳಿದೆ. ಅವರು ಹಗ್ಗ ಸರಿಸಿ ನಮ್ಮ ಹಿರಿಯರ ಕೈಹಿಡಿದು ಹ್ಯಾಂಡಲ್ಲಿನ ಮೇಲಿಟ್ಟರು. ಅವರು ಹಿಡಿಯ ಒಳ ತುದಿಯನ್ನು, ಅಪ್ಪನ ಕೈಗೆ ಜಾಗ ಬಿಟ್ಟಂತೆ, ಎರಡು ಬೆರಳಿನಿಂದಷ್ಟೇ ಹಿಡಿದುಕೊಂಡರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ಇದೇ’ ಎಂದರು.

ಸಂಜೆ ಮನೆಗೆ ಬಂದು ಕೆನಡಾಕ್ಕೆ ಫೋನ್ ಮಾಡಿಸಿಕೊಂಡರು. ಮಲಯ, ರಬ್ಬರ್, 1942 ಎಲ್ಲವನ್ನೂ ಅಣ್ಣನಿಗೆ ನಾನೇ ವಿವರಿಸಬೇಕಾಯಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ‘ಹಾಗಾದರೆ ಅವನು ಸರಿ’ ಎಂದರು ಅಣ್ಣ, ‘ಆದರೆ ಗಾಡಿ ಓಡಿಸಲು ಅಪ್ಪ ಮೊದಲು ಕಲಿಸಿದ್ದು ನನಗೆ.’

ಮಾದರಿ ಈಗ ಅವರ ಮನೆಯ ಕಿಟಕಿಯ ಕಟ್ಟೆಯ ಮೇಲಿದೆ. ಬಂದವರಿಗೆಲ್ಲ ‘ಮುಟ್ಟಿ ನೋಡಿ’ ಎನ್ನುತ್ತಾರೆ. ಒಂದು ಕೇಬಲ್ ಆಗಲೇ ಬಾಗಿದೆ. ಸರಿಮಾಡುತ್ತೇನೆ ಎಂದರೆ ಬೇಡ ಎನ್ನುತ್ತಾರೆ.

ಮೈಸೂರಿನ ಲಿವರ್

ಮೇಳದಿಂದ ಬರುವಾಗ ಕಾರಿನಲ್ಲಿ ಮಗಳು ಕೇಳಿದಳು, ‘ನಿನ್ನಪ್ಪನ ಹತ್ತಿರ ಯಾವ ಬೈಕ್ ಇತ್ತು?’ ಜಾವಾ ಎಂದೆ. ಒದ್ದು ಸ್ಟಾರ್ಟ್ ಮಾಡುವ ಲಿವರೇ ಗೇರ್ ಹಾಕುವ ಲಿವರೂ ಆಗಿತ್ತು ಎಂದೆ. ಅವಳು ನಕ್ಕಳು. ಎರಡೂ ಒಂದೇ ಆಗುವುದು ಹೇಗೆ, ನೀನು ಎರಡು ಬೈಕುಗಳನ್ನು ಸೇರಿಸಿ ನೆನಸಿಕೊಳ್ಳುತ್ತಿದ್ದೀಯ ಎಂದಳು! ಹಿಂದಿನ ಸೀಟಿನಿಂದ ನಮ್ಮ ಹಿರಿಯರೂ ನಕ್ಕರು.

ಇದನ್ನು ಓದುತ್ತಿರುವ ಮೈಸೂರು-ಬೆಂಗಳೂರಿನವರಲ್ಲಿ ಹಲವರಿಗೆ ಸಾಕ್ಷಿ ಬೇಕಿಲ್ಲ. ಎಡಗಡೆಯ ಆ ಲಿವರನ್ನು ಎತ್ತಿ ನಿಲ್ಲಿಸಿ ಒದ್ದರೆ ಎಂಜಿನ್. ಮುಂದಕ್ಕೆ ಮಲಗಿಸಿದರೆ ಗೇರ್. ಜೆಕ್ ದೇಶದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಶುರುಮಾಡಿದ ಕಂಪನಿ ಅದು. ಅವನ ಹೆಸರು ಮತ್ತು ಜರ್ಮನಿಯ ವಾಂಡರರ್ ಕಂಪನಿಯ ಹೆಸರುಗಳ ಮೊದಲಕ್ಷರ ಸೇರಿ ‘ಜಾವಾ’. ಇರಾನಿ ಮನೆತನದ ಪಾರ್ಸಿ ಉದ್ಯಮಿಗಳು ಐಡಿಯಲ್ ಜಾವಾ ಕಂಪನಿ ಕಟ್ಟಿ, ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಅದನ್ನು ತಯಾರಿಸಿದರು. ಮುಂದೆ ಅದೇ ಯಜ್ದಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜರ್ಮನ್ ಹುಟ್ಟಿನವನು ಕಟ್ಟಿದ ಇಂಗ್ಲಿಷ್ ಬೈಕಿನ ಹಾಗೆ, ಜೆಕ್ ಬೇರಿನ ಮೈಸೂರು ಬೈಕು ಇದು. ಎರಡೂ ಊರಿನವರಿಗೂ ಅವು ತಮ್ಮವೇ.

ನಮ್ಮ ಸಂಘದ ಹಿರಿಯರ ಬಳಿ ಇಂಥ ಎಷ್ಟು ಸಂಗತಿಗಳಿವೆಯೋ: ಮಕ್ಕಳು ಕೇಳಿ ನಗುವಂಥವು, ‘ಹಾಗೆಲ್ಲ ಇರುತ್ತಿತ್ತಾ’ ಎಂದು ತಳ್ಳಿಹಾಕುವಂಥವು. ದಯವಿಟ್ಟು ಬರೆದಿಡಿ, ಇಲ್ಲವೇ ಮೊಮ್ಮಕ್ಕಳಿಂದ ಬರೆಸಿ. ಫೋಟೋದಲ್ಲಿ ಕೈಗವಸು ಮುಚ್ಚಿದ್ದನ್ನು ಹೇಳಬಲ್ಲವರು ಆ ಹಿಡಿಯನ್ನು ಹಿಡಿದವರು ಮಾತ್ರ.

ನನ್ನ ಮೇಜಿನ ಮೇಲೆ ಈಗ ಮತ್ತೊಂದು ಕೆಲಸ ಶುರುವಾಗಿದೆ. ಹಿತ್ತಾಳೆ ಸರಳು, ಪ್ಲಾಸ್ಟಿಕ್ ಹಾಳೆ, ಅಪ್ಪನ ಜಾವಾದ ಎರಡು ಹಳೆಯ ಫೋಟೋ. ಇದಕ್ಕೆ ಪೆಟ್ಟಿಗೆಯಿಲ್ಲ, ಸೂಚನಾ ಹಾಳೆಯೂ ಇಲ್ಲ. ಮಗಳು ಮೊದಲು ಮಾಡಬೇಕೆಂದು ಹಟ ಹಿಡಿದಿರುವುದು ಆ ಲಿವರನ್ನು. ಅದು ನಿಜವಾಗಿಯೂ ಎರಡೂ ಕಡೆ ತಿರುಗಬೇಕಂತೆ.